ಮುನ್ನಾರ್: ಕಾಗದದ ಮೇಲಿನ ಒಡೆಯರು
ಮುನ್ನಾರ್‌ಗೆ ಹೋದವರೆಲ್ಲ ಚಹಾ ತೋಟದ ಫೋಟೊ ಹಾಕ್ತೀವಿ, ನಾನೂ ಹಾಕಿದ್ದೀನಿ. ಆ ತೋಟ ಯಾರದ್ದು ಅಂತ ಕೇಳಿದ್ದೀವಾ?

1877ರಲ್ಲಿ ಪೂಂಜಾರ್ ಅರಸರಿಂದ ಈ ಬೆಟ್ಟಗಳನ್ನು ಗುತ್ತಿಗೆಗೆ ಪಡೆದವನು ಬ್ರಿಟಿಷ್ ಅಧಿಕಾರಿ ಜಾನ್ ಡೇನಿಯಲ್ ಮನ್ರೋ. 1897ರಲ್ಲಿ ಕಣ್ಣನ್ ದೇವನ್ ಕಂಪನಿ ಹುಟ್ಟಿತು. ಆಮೇಲೆ ಫಿನ್ಲೆ, ಟಾಟಾ ಬಂದವು. ದುಡಿದವರು ಮಾತ್ರ ಅದೇ ತಮಿಳು ಕೂಲಿಗಳು, ಬಹುಪಾಲು ದಲಿತರು.

2005ರಲ್ಲಿ ಟಾಟಾ ತೋಟಗಳ ಆಡಳಿತ ಬಿಟ್ಟುಕೊಟ್ಟಿತು. ಹೊಸ ಕಂಪನಿಯ ಬಹುಪಾಲು ಷೇರು ನೌಕರರಿಗೇ ಸಿಕ್ಕಿತು. ಕಾಗದದ ಮೇಲೆ ಕಾರ್ಮಿಕರೂ ಒಡೆಯರಾದರು! ಆದರೂ 2015ರಲ್ಲಿ ಬೋನಸ್ ಕಡಿತದ ವಿರುದ್ಧ ‘ಪೆಂಬಿಳೈ ಒರುಮೈ’ ಹೆಸರಲ್ಲಿ ಹೆಂಗಸರು ರಸ್ತೆಗಿಳಿಯಬೇಕಾಯ್ತು. 2020ರಲ್ಲಿ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು, ಲೈನ್ ಮನೆಗಳಲ್ಲಿದ್ದ 70 ಜೀವ ಹೋದವು.

ನಿವೃತ್ತಿಯಾದರೆ ಲೈನ್ ಮನೆಯನ್ನೂ ಬಿಡಬೇಕು. ಷೇರಿದ್ದೂ ಸ್ವಂತ ಸೂರಿಲ್ಲದವರು ಎಂಥಾ ಒಡೆಯರು?