ಒಂದು ಎಕರೆಗೆ ಎಷ್ಟು ಜೋಳದ ಗಿಡ?

ಮಕ್ಕಳೇ, ಒಂದೇ ಊರು, ಒಂದೇ ಬಗೆಯ ಎರೆ ಮಣ್ಣು, ಒಂದೇ ಬೀಜ, ಒಂದೇ ಮಳೆ. ಆದರೂ ಒಬ್ಬರ ಹೊಲದಲ್ಲಿ ಜೋಳದ ತೆನೆ ತುಂಬಿ ಬಾಗಿರುತ್ತದೆ, ಪಕ್ಕದ ಹೊಲದಲ್ಲಿ ತೆನೆ ಜೊಳ್ಳಾಗಿರುತ್ತದೆ. ಹೀಗೇಕೆ? ಇದಕ್ಕೆ ಹಲವು ಕಾರಣಗಳಿವೆ. ಬಿತ್ತನೆಯ ರೀತಿ ಅವುಗಳಲ್ಲಿ ಮುಖ್ಯವಾದುದು.

ಮಣ್ಣೇ ನೀರಿನ ತೊಟ್ಟಿ

ಗದಗ ಜಿಲ್ಲೆಯ ರಾಜೂರ, ಗಜೇಂದ್ರಗಡ, ರೋಣ, ನರಗುಂದದ ಕಡೆ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುತ್ತಾರೆ. ಇಲ್ಲಿ ಹೆಸರಾದ ಎಂ 35-1 ತಳಿಯನ್ನು ಮಾಲ್ದಂಡಿ ಜೋಳದಿಂದ ಆರಿಸಿದ್ದು ಮಹಾರಾಷ್ಟ್ರದ ಮೊಹೋಳದಲ್ಲಿ. ಬಿತ್ತಿದ ಕೆಲವು ವಾರಗಳಲ್ಲೇ ಮಳೆಗಾಲ ಮುಗಿಯುತ್ತದೆ. ಮುಂದೆ ಬೆಳೆ ಬದುಕುವುದು ಮಣ್ಣಿನಲ್ಲಿ ಉಳಿದ ತೇವದಿಂದ. ಎರೆ ಮಣ್ಣಿನ ಕಣಗಳು ಬಹಳ ಸಣ್ಣವು, ಅವು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆದರೆ ತೊಟ್ಟಿಯ ನೀರಿಗೂ ಮಿತಿ ಇದೆಯಲ್ಲವೇ?

ಯಾವಾಗ ಬಿತ್ತಬೇಕು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತನೆಗೆ ಸಕಾಲ. ತಡ ಮಾಡಿದರೆ ತೆನೆಯಲ್ಲಿ ಕಾಳು ತುಂಬುವ ಹೊತ್ತಿಗೆ ಮಣ್ಣು ಒಣಗಿರುತ್ತದೆ. ನೀರಿನ ಕೊರತೆಯಾದ ಗಿಡಗಳಿಗೆ ಕಾಂಡ ಕೊಳೆಯುವ ರೋಗ ಬೇಗ ತಗಲುತ್ತದೆ. ಆಗ ಗಿಡ ನೆಲಕ್ಕೆ ಬೀಳುತ್ತದೆ, ಕಾಳೂ ಕೆಡುತ್ತದೆ, ದನಗಳ ಮೇವೂ ಕೆಡುತ್ತದೆ.

ಎಷ್ಟು ಆಳ?

ಸುಮಾರು 5 ಸೆಂ.ಮೀ. ಆಳ ಸರಿ. ಮೇಲೆ ಬಿದ್ದ ಬೀಜಕ್ಕೆ ತೇವ ಸಿಗದು, ಹಕ್ಕಿ ಇರುವೆಗಳ ಪಾಲೂ ಆಗಬಹುದು. ತೀರಾ ಆಳಕ್ಕೆ ಹೋದರೆ ಏನಾಗುತ್ತದೆ? ಮೊಳಕೆಗೆ ಬೀಜದೊಳಗಿನ ಆಹಾರವೇ ಬುತ್ತಿ. ಎಲೆ ಬೆಳಕು ಕಾಣುವ ಮೊದಲೇ ಬುತ್ತಿ ಮುಗಿದರೆ ಸಸಿ ಮೇಲೆ ಬರುವುದೇ ಇಲ್ಲ. ಕೂರಿಗೆಯಿಂದ ಬಿತ್ತಿದಾಗ ಬೀಜಗಳೆಲ್ಲ ಹೆಚ್ಚುಕಡಿಮೆ ಒಂದೇ ಆಳಕ್ಕೆ ಬೀಳುತ್ತವೆ. ಹಿಂದೆಯೇ ಕುಂಟೆ ಹೊಡೆದು ಮಣ್ಣು ಮುಚ್ಚುತ್ತಾರೆ. ಇಳಿಜಾರಿಗೆ ಅಡ್ಡಲಾಗಿ ಬಿತ್ತಿದರೆ ಮಳೆ ನೀರು ಹರಿದು ಹೋಗದೆ ಸಾಲುಗಳಲ್ಲಿ ಇಂಗುತ್ತದೆ.

ಎಷ್ಟು ಅಂತರ?

ಈಗ ಒಂದು ಲೆಕ್ಕ ಮಾಡೋಣ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಇರಲಿ. ಒಂದು ಗಿಡಕ್ಕೆ ಸಿಗುವ ಜಾಗ 45 × 15 = 675 ಚದರ ಸೆಂ.ಮೀ. ಒಂದು ಎಕರೆ ಎಂದರೆ ಸುಮಾರು 4,04,70,000 ಚದರ ಸೆಂ.ಮೀ. ಭಾಗಿಸಿ ನೋಡಿ. ಉತ್ತರ ಸುಮಾರು 60,000 ಗಿಡ!

ಇದಕ್ಕೆ ಎಕರೆಗೆ ಸುಮಾರು 3 ಕಿ.ಗ್ರಾಂ. ಬೀಜ ಸಾಕು. ಇದಕ್ಕಿಂತ ದಟ್ಟವಾದರೆ ಗಿಡಗಳು ನೀರಿಗಾಗಿ ಪೈಪೋಟಿ ಮಾಡುತ್ತವೆ. ಆರಂಭದಲ್ಲಿ ಹೊಲ ಹಸಿರಾಗಿ ಕಂಡರೂ ತೆನೆ ಬರುವ ಮೊದಲೇ ತೇವ ಖಾಲಿಯಾಗುತ್ತದೆ. ತೀರಾ ವಿರಳವಾದರೆ ಜಾಗವೂ ನೀರೂ ಕಳೆಗಳ ಪಾಲಾಗುತ್ತವೆ. ಆದ್ದರಿಂದಲೇ ಎರಡು ಮೂರು ವಾರದ ಬೆಳೆಯಲ್ಲಿ ಹೆಚ್ಚಾದ ಸಸಿಗಳನ್ನು ಕಿತ್ತು ಹಾಕುತ್ತಾರೆ. ನೆನಪಿಡಿ, ಈ ಎಳೆ ಸಸಿಗಳನ್ನು ದನಗಳಿಗೆ ತಿನ್ನಿಸಬಾರದು. ಅವುಗಳಿಂದ ದನದ ಹೊಟ್ಟೆಯಲ್ಲಿ ವಿಷ ಉಂಟಾಗುತ್ತದೆ.

ಸಾಲಾಗಿ ಬಿತ್ತುವುದರಿಂದ ಇನ್ನೊಂದು ಲಾಭವಿದೆ. ಸಾಲಿನ ನಡುವೆ ಎಡೆಕುಂಟೆ ಹೊಡೆಯಬಹುದು. ಅದು ಕಳೆ ತೆಗೆಯುತ್ತದೆ, ನೆಲದ ಬಿರುಕುಗಳನ್ನೂ ಮುಚ್ಚುತ್ತದೆ. ಬಿರುಕಿನಿಂದ ಆವಿಯಾಗಿ ಹೋಗುವ ನೀರು ಉಳಿಯುತ್ತದೆ.

ಮಾಡಿ ನೋಡಿ

ಔಷಧ ಹಚ್ಚದ 100 ಜೋಳದ ಕಾಳುಗಳನ್ನು ಎಣಿಸಿಕೊಳ್ಳಿ. ಒದ್ದೆ ಗೋಣಿತಟ್ಟಿನ ಮೇಲೆ ಹರಡಿ, ಸುತ್ತಿ, ನೆರಳಿನಲ್ಲಿಡಿ. ತಟ್ಟು ಒಣಗದಂತೆ ದಿನವೂ ನೀರು ಚಿಮುಕಿಸಿ. ಐದು ದಿನ ಬಿಟ್ಟು ಮೊಳಕೆ ಬಂದವನ್ನು ಎಣಿಸಿ. 80 ಮೊಳೆತರೆ ಮೊಳಕೆ ಪ್ರಮಾಣ ಶೇ. 80. ಅರ್ಧದಷ್ಟೂ ಮೊಳೆಯದಿದ್ದರೆ ಆ ಬೀಜವನ್ನು ನಂಬಿ ಬಿತ್ತಬಹುದೇ? ಬಿತ್ತುವ ಮೊದಲೇ ಮನೆಯವರಿಗೆ ತಿಳಿಸಿ. ತೇವ ಇರುವ ದಿನಗಳು ಕಳೆದುಹೋದರೆ ಮತ್ತೆ ಬಿತ್ತಲು ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.