ಎಳೆಯೆಣಿಕೆಯಲ್ಲಿ ಮೂಡುವ ನಿಸರ್ಗ: ಕಸೂತಿಯ ಸೃಷ್ಟಿವಿಧಾನ

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆಗಳ ಪರಿಸರದಲ್ಲಿ ಬೆಳೆದುಬಂದ ಕಸೂತಿಯನ್ನು ಕುರಿತ ಬರಹಗಳಲ್ಲಿ ವಿನ್ಯಾಸಗಳ ಪಟ್ಟಿಯೊಂದು ತಪ್ಪದೆ ದೊರೆಯುತ್ತದೆ. ನವಿಲು, ಗಿಳಿ, ಹಂಸ, ಅಳಿಲು, ಜಿಂಕೆ, ಆನೆ, ಕಮಲ, ತುಳಸಿಕಟ್ಟೆಗಳು ಅದರಲ್ಲಿ ಸೇರಿರುತ್ತವೆ. ಈ ಪಟ್ಟಿಯ ಆಧಾರದಿಂದಲೇ ಕಸೂತಿಯನ್ನು ನಿಸರ್ಗದ ಅನುಕರಣೆಯೆಂದು ಕರೆಯುವುದು ರೂಢಿಯಾಗಿದೆ. ಆದರೆ ಕಸೂತಿಯ ಕಲಾವಿದೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು-ಹೊಕ್ಕುಗಳ ಎಳೆಗಳನ್ನು ಎಣಿಸುತ್ತ ಸೂಜಿಯನ್ನು ನಡೆಸುತ್ತಾಳೆ. ಕಣ್ಣು ಕಂಡ ಹಕ್ಕಿ ಬಟ್ಟೆಗೆ ಇಳಿಯುವ ಮುನ್ನ ಲೆಕ್ಕವಾಗಿ ಮಾರ್ಪಡುತ್ತದೆ. ಈ ಮಾರ್ಪಾಡನ್ನು ಅರಿಯದೆ ಕಸೂತಿಯ ಸೃಷ್ಟಿಶೀಲತೆಯನ್ನು ವಿವರಿಸಲಾಗದು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿ ಸಮನಾದ ಅಂತರ ಬಿಟ್ಟು ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಅಂತರಗಳನ್ನು ತುಂಬುತ್ತದೆ. ಮುರಗಿಯೂ ಇದೇ ಕ್ರಮದ್ದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡರಲ್ಲಿಯೂ ಗಂಟು ಹಾಕುವಂತಿಲ್ಲ. ಬಟ್ಟೆಯ ಮುಮ್ಮೈ ಹಿಮ್ಮೈಗಳು ಒಂದೇ ತೆರನಾಗಿ ಕಾಣಬೇಕು. ನೇಗಿಯು ಹೆಸರೇ ಸೂಚಿಸುವಂತೆ ನೇಯ್ಗೆಯನ್ನು ಹೋಲುತ್ತದೆ. ಮೆಂತೆ ಗುಣಿಸು ಗುರುತಿನಂತೆ ಅಡ್ಡಡ್ಡ ಹಾಯುವ ಹೊಲಿಗೆ. ಮೆಂತ್ಯದ ಕಾಳಿನಿಂದ ಅದಕ್ಕೆ ಆ ಹೆಸರು ಬಂದಿದೆಯೆನ್ನುತ್ತಾರೆ. ಹಾಗಿದ್ದಲ್ಲಿ, ಚಿತ್ರ ಮೂಡುವ ಮೊದಲೇ ಹೊಲಿಗೆಯ ಹೆಸರಿನಲ್ಲಿ ಅಡುಗೆಮನೆಯ ಕಾಳೊಂದು ಬಂದು ಕುಳಿತಿದೆ.

ಎಣಿಕೆಯ ಈ ವಿಧಾನ ರೂಪವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದಕ್ಕೆ ಹೂವೇ ಒಳ್ಳೆಯ ನಿದರ್ಶನ. ಹಾಸು-ಹೊಕ್ಕುಗಳ ಮೇಲೆ ಸೂಜಿ ಅಡ್ಡ, ಉದ್ದ, ಓರೆಯಾಗಿ ಎಂಟು ದಿಕ್ಕುಗಳಿಗೆ ಸಲೀಸಾಗಿ ಚಲಿಸಬಲ್ಲದು. ಆದ್ದರಿಂದ ನಾಲ್ಕು ಅಥವಾ ಎಂಟು ಎಸಳಿನ ಹೂವು ಸಹಜವಾಗಿ ಅರಳುತ್ತದೆ. ಅಂಗಳದ ದಾಸವಾಳಕ್ಕೆ ಐದು ಎಸಳು. ಅದನ್ನು ಸಮವಾಗಿ ಎಣಿಸಿ ಕೂರಿಸುವುದು ಬಲು ಕಷ್ಟ. ಎಂಟೆಸಳಿನ ಹೂವನ್ನು ಕಂಡು ಅದು ಯಾವ ಗಿಡದ್ದೆಂದು ಹುಡುಕುವ ಅಧ್ಯಯನಕಾರರು ಬಟ್ಟೆಯ ಎಳೆಗಳತ್ತ ನೋಡುವುದು ಮೇಲು. ನವಿಲಿನ ಕೊರಳ ಬಾಗು ಮುರಗಿಯ ಮೆಟ್ಟಿಲಾಗುತ್ತದೆ. ಆನೆಯ ಮೈ ಚೌಕಳಿಗಳ ಜಾಲವಾಗುತ್ತದೆ. ಗಿಡದ ರೂಪವಂತೂ ಗವಂತಿಗೆ ವಿಶೇಷವಾಗಿ ಒಗ್ಗುವಂಥದು. ಕಾಂಡದಲ್ಲಿ ಸಾಗುವ ಸೂಜಿ ಕೊಂಬೆ ಎದುರಾದಲ್ಲಿ ಅದರ ತುದಿಗೆ ಹೋಗಿ, ತುಂಬುತ್ತ ಹಿಂದಿರುಗಿ, ಮತ್ತೆ ಕಾಂಡವನ್ನು ಹಿಡಿಯುತ್ತದೆ. ಎಲ್ಲಿ ಹೊರಳಬೇಕು, ಎಲ್ಲಿ ಮರಳಬೇಕು ಎಂಬುದನ್ನು ಕಲಾವಿದೆ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿರಬೇಕು.

ಇಲ್ಲಿ ಕಾಣುವ ನಿಸರ್ಗ ಒಂದೇ ಬಗೆಯದಲ್ಲ. ಅಳಿಲು, ಗಿಳಿ, ತುಳಸಿಗಳು ಮನೆಯ ಅಂಗಳ ಹಿತ್ತಿಲುಗಳವು. ಆನೆ, ಹಂಸ, ಕಮಲಗಳು ಬಹುಮಟ್ಟಿಗೆ ಗುಡಿ, ತೇರುಗಳ ಮೂಲಕ ಬಂದಂತೆ ತೋರುತ್ತವೆ. ಗೋಪುರ, ರಥ, ಪಲ್ಲಕ್ಕಿಗಳ ಪಕ್ಕದಲ್ಲಿಯೇ ಅವುಗಳಿಗೆ ಸ್ಥಾನ. ಶಿಲ್ಪದ ಈ ಹೋಲಿಕೆಯನ್ನು ಹಿಡಿದು ಕಸೂತಿಯನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವುದುಂಟು. ಬಟ್ಟೆ ಕಲ್ಲಿನಂತೆ ಉಳಿಯುವ ವಸ್ತುವಲ್ಲವಾದ್ದರಿಂದ ಹೋಲಿಕೆಯೊಂದರಿಂದಲೇ ಕಾಲನಿರ್ಣಯ ಮಾಡುವುದು ಅವಸರದ ಮಾತಾದೀತು.

ಇಳಕಲ್ ಸೀರೆ, ಖಣದ ಕುಪ್ಪಸ, ಮಗುವಿನ ಕುಲಾವಿ ಕುಂಚಿಗೆಗಳು ಈ ಕಲೆಯ ಮುಖ್ಯ ನೆಲೆಗಳು. ವಧುವಿಗೆ ಸಲ್ಲುವ ಕಪ್ಪು ಚಂದ್ರಕಳಿ ಸೀರೆಯ ಮೇಲಿನ ಕಸೂತಿ ಹೆಸರಾದುದು. ಸೀರೆಯಲ್ಲಿ ಸೆರಗಿನ ಬಳಿಯ ವಿನ್ಯಾಸಗಳು ದೊಡ್ಡವು. ಸೆರಗಿನಿಂದ ದೂರ ಸರಿದಂತೆ ಅವು ಕಿರಿದಾಗಿ ಚಿಕ್ಕ ಬುಟ್ಟಿಗಳಾಗುತ್ತವೆ. ಇಳಕಲ್ಲಿನ ನೇಕಾರನೂ ಸೆರಗಿನಲ್ಲಿ ಜೋಳದ ತೆನೆಯನ್ನು ಹೋಲುವ ವಿನ್ಯಾಸವನ್ನು ಮಗ್ಗದಲ್ಲಿಯೇ ತೆಗೆಯುತ್ತಾನೆ. ಹೀಗೆ ಎರೆಹೊಲದ ತೆನೆ ನೇಯ್ಗೆಯಲ್ಲಿ, ಅಂಗಳದ ಗಿಳಿ ಸೂಜಿಯಲ್ಲಿ ಒಂದೇ ಸೀರೆಗೆ ಬಂದು ಸೇರುತ್ತವೆ.

ಕಸೂತಿಯ ಇಂದಿನ ಸಮಸ್ಯೆ ಬಟ್ಟೆಯಿಂದಲೇ ಆರಂಭವಾಗುತ್ತದೆ. ಹಾಸು-ಹೊಕ್ಕುಗಳ ದಟ್ಟಣೆ ಸಮನಾಗಿಲ್ಲದಿದ್ದರೆ ಅದೇ ಎಣಿಕೆಯ ನವಿಲು ಒಂದೆಡೆ ಉದ್ದವಾಗಿ, ಮತ್ತೊಂದೆಡೆ ಚಪ್ಪಟೆಯಾಗಿ ಕಾಣುತ್ತದೆ. ಎಳೆ ಎಣಿಸಲಾಗದ ನಯವಾದ ಬಟ್ಟೆಗಳ ಮೇಲೆ ಜಾಳಿಯಂಥ ಬಟ್ಟೆಯನ್ನಿಟ್ಟು ಹೊಲಿದು, ಅನಂತರ ಅದರ ಎಳೆಗಳನ್ನು ಎಳೆದು ತೆಗೆಯುವ ಉಪಾಯ ಬಳಕೆಗೆ ಬಂದಿದೆ. ಇದರಲ್ಲಿ ಎಣಿಕೆಯಾದರೂ ಉಳಿಯುತ್ತದೆ. ಕಾರ್ಬನ್ ಕಾಗದದಿಂದ ಅಚ್ಚು ತೆಗೆದು ಹೊಲಿದಾಗ ಅದೂ ಇಲ್ಲವಾಗುತ್ತದೆ. ಯಂತ್ರದ ಹೊಲಿಗೆಯಲ್ಲಿ ಹಿಮ್ಮೈ ಕೇವಲ ಹಿಮ್ಮೈಯಾಗಿಬಿಡುತ್ತದೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದು ಹೆಸರಿನ ರಕ್ಷಣೆಯ ದೃಷ್ಟಿಯಿಂದ ಮಹತ್ವದ್ದು. ಎಣಿಕೆಯ ವಿದ್ಯೆ ಉಳಿಯಬೇಕಾದುದು ಮಾತ್ರ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗುವ ಕೈಯಲ್ಲಿ.

ಸಂಗ್ರಹಕಾರರು ವಿನ್ಯಾಸಗಳನ್ನು ಚೌಕಳಿ ಕಾಗದಕ್ಕೆ ಇಳಿಸಿಕೊಳ್ಳುತ್ತಾರೆ. ಅದರಿಂದ ರೂಪ ದಾಖಲಾಗುತ್ತದೆ. ಸೂಜಿ ಎಲ್ಲಿ ಹೊರಟಿತು, ಯಾವ ಕೊಂಬೆಗೆ ಮೊದಲು ಹೊರಳಿತು ಎಂಬುದು ದಾಖಲಾಗುವುದಿಲ್ಲ. ಬಟ್ಟೆಯ ಎಳೆಗಳ ದಟ್ಟಣೆ, ಹೊಲಿಗೆಯ ಸಾಗುದಾರಿ, ಎರಡೂ ಮೈಗಳ ಛಾಯಾಚಿತ್ರ ಪ್ರತಿಯೊಂದು ಮಾದರಿಯ ಜೊತೆಗೆ ಇರಬೇಕಾದುದು ಅಗತ್ಯ. ಅಸ್ತರು ಹೊಲಿದು, ಗಾಜಿನ ಚೌಕಟ್ಟಿಗೆ ಹಾಕಿ ಗೋಡೆಗೆ ತೂಗಿಸಿದ ಮಾದರಿಯಲ್ಲಿ ಗವಂತಿಯ ಅರ್ಧಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ.