ಪೀಪಾಯಿಯೊಳಗಿನ ರಸಾಯನ

ಆಗಷ್ಟೇ ಬಟ್ಟಿಯಿಳಿದ ಬೂರ್ಬನ್ ವಿಸ್ಕಿಗೆ ಬಣ್ಣವಿಲ್ಲ, ಅದು ನೀರಿನಂತಿರುತ್ತದೆ. ಬಾಟಲಿ ಸೇರುವ ಹೊತ್ತಿಗೆ ಅದಕ್ಕೆ ಜೇನಿನ ಬಣ್ಣ, ವೆನಿಲಾ ಪರಿಮಳ. ಬಣ್ಣ ಬೆರೆಸಲು ಅಮೆರಿಕದ ಕಾನೂನು ಬಿಡುವುದಿಲ್ಲ. ಹಾಗಾದರೆ ಇವು ಬಂದದ್ದೆಲ್ಲಿಂದ?

ಪೀಪಾಯಿಯಿಂದ. ಬೂರ್ಬನ್ನಿನ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳವಿರಬೇಕು. ಪೀಪಾಯಿ ಹೊಸ ಓಕ್ ಮರದ್ದಾಗಿ, ಅದರ ಒಳಮೈ ಸುಟ್ಟಿರಬೇಕು. ಬಿಳಿ ಓಕ್ ಮರದ ನೀರ್ನಾಳಗಳನ್ನು ಟೈಲೋಸ್ ಎಂಬ ಉಬ್ಬುಗಳು ಮುಚ್ಚಿರುವುದರಿಂದ ಅದು ಸೋರುವುದಿಲ್ಲ. ಬೆಂಕಿಯ ಕಾವಿಗೆ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಹೆಮಿಸೆಲ್ಯುಲೋಸ್ ಸಕ್ಕರೆಗಳಾಗಿ ಒಡೆದು, ಅವು ಕಂದುಗಟ್ಟುತ್ತವೆ. ಇದ್ದಿಲಿನ ಪದರ ಗಂಧಕದ ಸಂಯುಕ್ತಗಳನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಿಗ್ಗುವ ದ್ರವ ಮರದೊಳಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಕುಗ್ಗಿ, ಕರಗಿಸಿಕೊಂಡದ್ದರೊಡನೆ ಹಿಂದಿರುಗುತ್ತದೆ.

ಮರ ಬದಲಾದರೆ ರುಚಿಯೂ ಬದಲಾಗುವುದೇ? ಕೆಂಟಕಿಯ ಬಫಲೋ ಟ್ರೇಸ್ ಡಿಸ್ಟಿಲರಿ ಇದನ್ನು ಪರೀಕ್ಷಿಸಿತು. 96 ಓಕ್ ಮರಗಳನ್ನು ಆರಿಸಿ, ಪ್ರತಿಯೊಂದರ ಮೇಲ್ಭಾಗದಿಂದ ಒಂದು, ಕೆಳಭಾಗದಿಂದ ಒಂದು, ಒಟ್ಟು 192 ಪೀಪಾಯಿಗಳನ್ನು ಮಾಡಿಸಿತು. ಅವುಗಳ ವಿಸ್ಕಿ 2011ರಿಂದ 2015ರವರೆಗೆ ಕಂತುಕಂತಾಗಿ ಮಾರಾಟವಾಯಿತು, ಸಂಗ್ರಾಹಕರು ಮುಗಿಬಿದ್ದರು. ಕುಡಿದವರು ಕೊಟ್ಟ ಅಂಕಗಳಲ್ಲಿ ಗೆದ್ದದ್ದು 80ನೆಯ ಪೀಪಾಯಿ. ಅದು ಮರದ ಕೆಳಭಾಗದ್ದು. ಆದರೆ ಇದರಿಂದ ಕೆಳಭಾಗವೇ ಮೇಲೆಂದು ತೀರ್ಮಾನಿಸಬೇಡಿ. ಧಾನ್ಯ, ಸುಟ್ಟ ಮಟ್ಟ, ಗೋದಾಮು ಇವೂ ಪೀಪಾಯಿಯಿಂದ ಪೀಪಾಯಿಗೆ ಬೇರೆಯಾಗಿದ್ದವು.

ಇನ್ನೊಂದು ಮಾತು. ಗಾಜು ಮರವಲ್ಲ. ಬಿಗಿಯಾಗಿ ಮುಚ್ಚಿದ ಬಾಟಲಿಯನ್ನು ಇಪ್ಪತ್ತು ವರ್ಷ ಕಾಯ್ದಿಟ್ಟರೂ ವಿಸ್ಕಿ ಮಾಗುವುದಿಲ್ಲ. ಏರುವುದು ಬೆಲೆ ಮಾತ್ರ. ಪೀಪಾಯಿ ಎಷ್ಟೇ ಪರಿಮಳ ಕೊಟ್ಟರೂ ಒಳಗಿರುವುದು ಎಥನಾಲ್. ಮದ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.